ಹೈಬ್ರಿಡ್ ಕಾರಿನ ಸೀಲ್ಡ್ ಬ್ಯಾಟ್ರಿ ಡೌನ್ ಆಗದಂಗೆ ನೋಡ್ಕೊಳ್ಳೋದು ಹೇಗೆ?

ದಾವಣಗೆರೆಲಿ ಈಗ ಎಂಸಿಸಿ ಬಿ ಬ್ಲಾಕ್, ವಿದ್ಯಾನಗರ ಕಡೆ ಒಂದು ರೌಂಡ್ ಹಾಕಿದ್ರೆ ಮನೆ ಮುಂದೆ ಹೈಕ್ರಾಸು, ಹೈರೈಡರು, ಗ್ರಾಂಡ್ ವಿಟಾರ ತರದ ಹೈಬ್ರಿಡ್ ಕಾರು, ಅಂದ್ರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟ್ರಿ, ಮೋಟರ್ ಕೂಡ ಇರೋ ಗಾಡಿಗಳು ನಿಂತಿರೋದು ಕಾಣುತ್ತೆ. ತಗೊಂಡೋರು, ತಗೋಬೇಕು ಅನ್ನೋರು ಎಲ್ಲರೂ ಕೇಳೋದು ಒಂದೇ ಪ್ರಶ್ನೆ, "ದೊಡ್ಡ ಬ್ಯಾಟ್ರಿ ಹೋದ್ರೆ ಎಷ್ಟಾಗ್ತತ್ರಿ?" ಅಂತ. ಆ ದೊಡ್ಡ ಬ್ಯಾಟ್ರಿಗೆ ಸಾಮಾನ್ಯವಾಗಿ 8 ವರ್ಷ ಇಲ್ಲಾ 1.6 ಲಕ್ಷ ಕಿ.ಮೀ. ವಾರಂಟಿ ಇರುತ್ತೆ, ಅದು ಅಷ್ಟು ಸುಲಭಕ್ಕೆ ಕೈಕೊಡಲ್ಲ. ಬೆಳಗ್ಗೆ ಮದುವೆಗೆ ಅಂತ ರೆಡಿ ಆಗಿ ಹೊರಗೆ ಬಂದಾಗ ಬಾಗಿಲು ಲಾಕ್ ಸಹ ಓಪನ್ ಆಗ್ಲಿಲ್ಲ ಅಂದ್ರೆ, ಹತ್ತರಲ್ಲಿ ಒಂಬತ್ತು ಸಲ ಅದು ಚಿಕ್ಕ 12 ವೋಲ್ಟ್ ಬ್ಯಾಟ್ರಿ ಕಿತಾಪತಿ. ಇದನ್ನ ಮಾತ್ರ ಯಾರೂ ಕೇಳಲ್ಲ.

ದೊಡ್ಡದು ಹೈಕ್ರಾಸ್ ಹೈಬ್ರಿಡ್‌ನಲ್ಲಿ ನಿಕಲ್ ಮೆಟಲ್ ಹೈಡ್ರೈಡ್, ಹೈರೈಡರ್ ಮತ್ತೆ ಹೋಂಡಾ ಸಿಟಿ ಹೈಬ್ರಿಡ್‌ನಲ್ಲಿ ಲಿಥಿಯಂ ಅಯಾನ್. ಮೋಟರ್‌ಗೆ ಕರೆಂಟ್ ಕೊಟ್ಟು ಗಾಡಿ ಎಳೆಯೋದು, ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋದು ಎಲ್ಲ ಅದರದ್ದೇ ಕೆಲಸ. ಹಂಗಾದ್ರೆ ಚಿಕ್ಕದು ಯಾಕೆ ಬೇಕು? ಡೋರ್ ಲಾಕು, ಲೈಟು, ಒಳಗಿರೋ ಕಂಪ್ಯೂಟರ್‌ಗಳು, ಇವಕ್ಕೆಲ್ಲ ಕರೆಂಟ್ ಕೊಡೋದು ಚಿಕ್ಕದು, ಅದಕ್ಕಿಂತ ಮುಖ್ಯ ಅಂದ್ರೆ ದೊಡ್ಡ ಬ್ಯಾಟ್ರಿನ ಗಾಡಿಗೆ ಜೋಡಿಸೋ ರಿಲೇ, ಅಂದ್ರೆ ಕರೆಂಟಿಂದ ನಡೆಯೋ ಸ್ವಿಚ್ಚು, ಅದನ್ನ ಎಳೆಯೋದೂ ಇದೇ. ದೊಡ್ಡದರಲ್ಲಿ ಎಷ್ಟೇ ಚಾರ್ಜ್ ಇರ್ಲಿ, ಚಿಕ್ಕದು ಸತ್ತಿದ್ರೆ ಡ್ಯಾಶ್‌ಬೋರ್ಡಲ್ಲಿ ಗಾಡಿ ಓಡೋಕೆ ತಯಾರು ಅನ್ನೋ "ರೆಡಿ" ಗುರುತು ಬರೋದೇ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋ ಮಾತಂತೂ ಮರ್ತುಬಿಡಿ.

ಇಲ್ಲೊಂದು ಮೋಸ ಇದೆ. ಮಾಮೂಲಿ ಕಾರಲ್ಲಿ ಬ್ಯಾಟ್ರಿ ವೀಕ್ ಆದ್ರೆ ಸೆಲ್ಫ್ ಹೊಡೆದಾಗ ಗುರ್ ಗುರ್ ಅಂತ ಎಳೆದಾಡುತ್ತೆ, ನಮಗೆ ಒಂದೆರಡು ವಾರ ಮುಂಚೆನೇ ಗೊತ್ತಾಗುತ್ತೆ. ಹೈಬ್ರಿಡ್‌ನಲ್ಲಿ ಚಿಕ್ಕ ಬ್ಯಾಟ್ರಿ ಇಂಜಿನ್ ತಿರುಗಿಸೋದೇ ಇಲ್ವಲ್ಲ, ಹಂಗಾಗಿ ಆ ಸದ್ದೂ ಇಲ್ಲ ಸೂಚನೆನೂ ಇಲ್ಲ, ನಿನ್ನೆ ಸರಿ ಇತ್ತು ಇವತ್ತು ಪೂರ್ತಿ ಕತ್ತಲೆ. ಸ್ಕ್ರೀನ್ ಮೇಲೆ ಕಾಣೋ ಬ್ಯಾಟ್ರಿ ಕಡ್ಡಿಗಳು ದೊಡ್ಡ ಬ್ಯಾಟ್ರಿದು, ಅದನ್ನ ನೋಡಿ "ಚಾರ್ಜ್ ಐತಲ್ಲ" ಅಂದ್ಕೋಬೇಡಿ. ಚಿಕ್ಕದರ ಹಾಲತ್ತು ಗೊತ್ತಾಗ್ಬೇಕು ಅಂದ್ರೆ ಅಳೆದು ನೋಡೋದೊಂದೇ ದಾರಿ.

ಅಂದಹಾಗೆ ಎರ್ಟಿಗಾ, ಬ್ರೆಜ್ಜಾದಲ್ಲಿ ಬರೋ ಸ್ಮಾರ್ಟ್ ಹೈಬ್ರಿಡ್ ಬೇರೆ ಲೆಕ್ಕ, ಅದು ಬೆಳಗ್ಗೆ ಸ್ಟಾರ್ಟ್ ಆಗೋದು 12 ವೋಲ್ಟ್ ಬ್ಯಾಟ್ರಿಯಿಂದಲೇ. ಕೆಳಗೆ ಹೇಳ್ತಿರೋದು ಸ್ಟ್ರಾಂಗ್ ಹೈಬ್ರಿಡ್, ಅಂದ್ರೆ ಮೇಲೆ ಹೇಳಿದಂಗೆ ದೊಡ್ಡ ಬ್ಯಾಟ್ರಿನೇ ಗಾಡಿ ಎಳೆಯೋ ಕಾರುಗಳ ಬಗ್ಗೆ.

ಮೊದ್ಲು ಬ್ಯಾಟ್ರಿ ಎಲ್ಲಿದೆ, ಯಾವ್ದು ಅಂತ ನೋಡಿ

ಕೆಲವು ಗಾಡಿಲಿ ಬಾನೆಟ್ ಕೆಳಗೆ ಇರುತ್ತೆ, ಕೆಲವಲ್ಲಿ ಹಿಂದೆ ಡಿಕ್ಕಿ ಮೂಲೆಲಿ. ಡಿಕ್ಕಿಲಿ ಅಂದ್ರೆ ನಾವು ಕೂರೋ ಜಾಗದ ಗಾಳಿ ಅದಕ್ಕೂ ನಮಗೂ ಒಂದೇ, ಅದಕ್ಕೇ ಅಲ್ಲಿ ಎಜಿಎಂ ಅನ್ನೋ ಸೀಲ್ಡ್ ಬ್ಯಾಟ್ರಿ ಹಾಕ್ತಾರೆ. ಅದರಲ್ಲಿ ಆ್ಯಸಿಡ್ ನೀರಿನ ತರ ತುಳುಕಾಡಲ್ಲ, ಗಾಜಿನ ನಾರಿನ ಮ್ಯಾಟ್ ಹೀರ್ಕೊಂಡಿರುತ್ತೆ. ಚಾರ್ಜ್ ಆಗ್ವಾಗ ಹುಟ್ಟೋ ಗ್ಯಾಸು ಒಳಗೇ ವಾಪಸ್ ನೀರಾಗುತ್ತೆ, ಪ್ರೆಷರ್ ಜಾಸ್ತಿ ಆದ್ರೆ ಮಾತ್ರ ವಾಲ್ವ್ ತೆಗೆದು ಸಣ್ಣ ಪೈಪಲ್ಲಿ ಹೊರಗೆ ಹೋಗುತ್ತೆ. ಹಿಂಗೆ ಹೊರಗೆ ಹೋದ ನೀರನ್ನ ಮತ್ತೆ ತುಂಬೋಕೆ ಆಗಲ್ಲ. ಮುಚ್ಚಳ ಎಬ್ಬಿಸಿ ಡಿಸ್ಟಿಲ್ಡ್ ವಾಟರ್ ಹಾಕ್ತೀನಿ ಅನ್ನೋ ಮೆಕ್ಯಾನಿಕ್ ಸಿಕ್ಕಿದ್ರೆ ನಮಸ್ಕಾರ ಹಾಕಿ ಬಂದುಬಿಡಿ.

ತಿಂಗಳಿಗೊಮ್ಮೆ ವೋಲ್ಟೇಜ್ ನೋಡೋದು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ತಗೊಳ್ಳಿ, ಎಲೆಕ್ಟ್ರಿಕಲ್ ಅಂಗಡಿಲಿ ಕಮ್ಮಿ ರೇಟಿಗೇ ಸಿಗುತ್ತೆ. ರಾತ್ರಿ ಗಾಡಿ ನಿಲ್ಲಿಸಿ, ಬೆಳಗ್ಗೆ ಓಡಿಸೋಕೆ ಮುಂಚೆ ನೋಡ್ಬೇಕು. ಬಾಗಿಲು ತೆಗೆದ ತಕ್ಷಣ ಕಂಪ್ಯೂಟರ್ ಎಲ್ಲ ಎದ್ದು ಕೂರ್ತವೆ, ಲೈಟ್ ಹತ್ಕೊಳ್ಳುತ್ತೆ, ಆಗ ಹಿಡಿದ್ರೆ ಕಮ್ಮಿ ತೋರ್ಸುತ್ತೆ, ಹಂಗಾಗಿ ಬಾನೆಟ್ಟೋ ಡಿಕ್ಕಿನೋ ತೆಗೆದಿಟ್ಟು ಕೀ ಮನೆ ಒಳಗಿಟ್ಟು ಒಂದು ಕಾಲು ಗಂಟೆ ಬಿಟ್ಟು ಬನ್ನಿ. ಮೀಟರ್ ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ.

12.7, 12.8 ಬಂದ್ರೆ ಫುಲ್. 12.4 ಅಂದ್ರೆ ಸುಮಾರು ಮುಕ್ಕಾಲು, ಚಾರ್ಜ್ ಬೇಕಾಗಿದೆ ಅಂತ ಅರ್ಥ. 12.2 ಬಂತು ಅಂದ್ರೆ ಹತ್ರತ್ರ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ರೆ ಇವತ್ತೇ ಏನಾದ್ರೂ ಮಾಡಿ. ಅರ್ಧ ಖಾಲಿ ಇದ್ದಂಗೇ ವಾರಗಟ್ಟಲೆ ಬಿಟ್ರೆ ಒಳಗಿನ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಕಟ್ಕೊಳ್ಳುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಮೊದಲಿನ ಶಕ್ತಿ ಬರಲ್ಲ. ಆಮೇಲೆ ಗಾಡಿ ಆನ್ ಮಾಡಿ ರೆಡಿ ಬಂದ್ಮೇಲೆ ಇನ್ನೊಂದ್ಸಲ ಹಿಡೀರಿ, ಹದಿನಾಲ್ಕರ ಆಸುಪಾಸು ಬರ್ಬೇಕು. ಮಾಮೂಲಿ ಕಾರಲ್ಲಿ ಇಂಜಿನ್ನಿಂದ ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಹೈಬ್ರಿಡ್‌ನಲ್ಲಿ ಇರಲ್ಲ, ದೊಡ್ಡ ಬ್ಯಾಟ್ರಿ ಕರೆಂಟನ್ನೇ ಡಿಸಿ-ಡಿಸಿ ಕನ್ವರ್ಟರ್ ಇಳಿಸಿ ಚಿಕ್ಕದಕ್ಕೆ ಕೊಡುತ್ತೆ. ಸುಮಾರು ಓಡಿಸಿದ ಮೇಲೂ ರೆಡಿಲಿ 12.6 ಅಷ್ಟೇ ತೋರ್ಸಿದ್ರೆ ಬ್ಯಾಟ್ರಿನ ಬೈಯಬೇಡಿ, ಸರ್ವೀಸ್ ಸೆಂಟರಲ್ಲಿ ಕನ್ವರ್ಟರ್ ಚೆಕ್ ಮಾಡ್ಸಿ. ಕೇಸರಿ ಬಣ್ಣದ ದಪ್ಪ ವೈರು ಎಲ್ಲೇ ಕಂಡ್ರೂ ಮುಟ್ಟಬೇಡಿ, ಅದು ಹೈವೋಲ್ಟೇಜ್ ಲೈನು.

ನಿಲ್ಲಿಸಿಟ್ರೆ ಸಾಯುತ್ತೆ

ನಮ್ಮೂರಲ್ಲಿ ಈ ಬ್ಯಾಟ್ರಿ ಬೇಗ ಹೋಗೋಕೆ ದೊಡ್ಡ ಕಾರಣ ಓಡಿಸ್ದೇ ಇರೋದು. ಮಗ ಬೆಂಗಳೂರಲ್ಲಿ, ಅಪ್ಪಾಜಿಗೆ ಅಂತ ಕಾರು ಕೊಡಿಸಿರ್ತಾನೆ, ಅಪ್ಪಾಜಿ ಭಾನುವಾರ ಕುಂದವಾಡ ಕೆರೆ ತನಕ ಹೋಗಿ ಬಂದ್ರೆ ಮುಗೀತು, ಉಳಿದ ದಿನ ಸ್ಕೂಟರೇ. ಗಾಡಿ ಲಾಕ್ ಮಾಡಿದ್ರೂ ಅಲಾರಂ, ಕೀ ಹುಡುಕೋ ರಿಸೀವರು, ಕಂಪ್ಯೂಟರ್ ಮೆಮೊರಿ ಎಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಕುಡೀತಾನೇ ಇರ್ತವೆ. ಅದು 50 ಮಿಲಿ ಆ್ಯಂಪ್ ಅಂತಿಟ್ಕೊಳ್ಳಿ, ದಿನಕ್ಕೆ 1.2 ಆ್ಯಂಪ್ ಅವರ್ ಹೋಯ್ತು, 45 ಆ್ಯಂಪ್ ಅವರ್ ಬ್ಯಾಟ್ರಿ ಮೂರು ವಾರದೊಳಗೆ ಅರ್ಧ ಖಾಲಿ. ಇದರ ಮೇಲೆ ಪಾರ್ಕಿಂಗ್ ಮೋಡ್ ಇರೋ ಡ್ಯಾಶ್‌ಕ್ಯಾಮು, ಜಿಪಿಎಸ್ ಟ್ರ್ಯಾಕರು ಬೇರೆ ಹಾಕ್ಸಿದ್ರೆ ಇನ್ನೂ ಬೇಗ. ಸ್ಮಾರ್ಟ್ ಕೀನ ಕಾರಿನ ಪಕ್ಕದ ಗೋಡೆ ಮೊಳೆಗೇ ನೇತುಹಾಕೋ ಅಭ್ಯಾಸ ಇದ್ರೆ ಬಿಡಿ, ಕೀ ಹತ್ರನೇ ಇದ್ರೆ ಗಾಡಿ ಸರಿಯಾಗಿ ನಿದ್ದೆ ಮಾಡಲ್ಲ.

ಇದಕ್ಕೆ ಮಾಡ್ಬೇಕಾಗಿರೋದು ಇಷ್ಟೇ, ವಾರಕ್ಕೊಂದ್ಸಲ ಒಂದು ಗಂಟೆನಾದ್ರೂ ಓಡಿಸಿ. ಹರಿಹರಕ್ಕೆ ಹೋಗಿ ಬನ್ನಿ, ಇಲ್ಲಾ ಚಿತ್ರದುರ್ಗ ಕಡೆ ಹೈವೇಲಿ ಒಂದು ಸುತ್ತು. ಮನೆಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿಂದ ಮನೆ, ಇದು ಲೆಕ್ಕಕ್ಕಿಲ್ಲ, ಖಾಲಿ ಬ್ಯಾಟ್ರಿ ತುಂಬೋಕೆ ಗಂಟೆಗಳೇ ಬೇಕು. ಓಡಿಸೋಕಾಗಲ್ಲ ಅಂದ್ರೆ ಬಯಲಲ್ಲಿ ನಿಲ್ಲಿಸಿ ಪಾರ್ಕಲ್ಲಿ ಹಾಕಿ ರೆಡಿಲಿ ಬಿಡಿ, ಪಕ್ಕದಲ್ಲೇ ಇರಿ. ಮುಚ್ಚಿದ ಗ್ಯಾರೇಜಲ್ಲಿ ಮಾತ್ರ ಬೇಡವೇ ಬೇಡ, ಮಧ್ಯೆ ಇಂಜಿನ್ ತಾನೇ ಸ್ಟಾರ್ಟ್ ಆಗುತ್ತೆ, ಹೊಗೆ ಕಟ್ಕೊಂಡ್ರೆ ಜೀವಕ್ಕೇ ಕುತ್ತು. ಇನ್ನೊಂದು, ರೆಡಿ ಮಾಡ್ದೆ ಬರೀ ಬಟನ್ ಒತ್ತಿ ಹಾಡು ಕೇಳ್ತಾ ಕೂತ್ರೆ ಖರ್ಚಾಗೋದು ಚಿಕ್ಕ ಬ್ಯಾಟ್ರಿನೇ. ಹೆಂಡ್ತಿ ಮಕ್ಳು ಮಂಡಿಪೇಟೆಲಿ ಬಟ್ಟೆ ತಗೊಳ್ಳೋ ತನಕ ಕಾಯೋರು ರೆಡಿಲೇ ಇಟ್ಟು ಕೂತ್ಕೊಳ್ಳಿ.

ಬಿಸಿಲಿಂದೂ ಕಾಟ ಇದೆ. ಸೀಲ್ಡ್ ಬ್ಯಾಟ್ರಿ ಬಗ್ಗೆ ಹಳೇ ಲೆಕ್ಕ ಒಂದಿದೆ, ಟೆಂಪರೇಚರ್ 10 ಡಿಗ್ರಿ ಏರಿದ್ರೆ ಆಯಸ್ಸು ಹತ್ರತ್ರ ಅರ್ಧಕ್ಕೆ ಇಳಿಯುತ್ತೆ ಅಂತ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗೆ ಎಷ್ಟಿರುತ್ತೆ ಅಂತ ಸ್ಟೀರಿಂಗ್ ಮುಟ್ಟಿದೋರಿಗೆ ಗೊತ್ತು. ಬೇವಿನ ಮರದ ನೆರಳು ಸಿಕ್ರೆ ಎರಡು ಹೆಜ್ಜೆ ಜಾಸ್ತಿ ನಡೆದ್ರೂ ಪರವಾಗಿಲ್ಲ.

ಚಾರ್ಜರ್ ಹಾಕೋದಾದ್ರೆ

ತಿಂಗಳುಗಟ್ಟಲೆ ಊರಿಗೆ ಹೋಗೋರು ಎಜಿಎಂ ಮೋಡ್ ಇರೋ ಸ್ಮಾರ್ಟ್ ಚಾರ್ಜರ್ ತಗೊಂಡ್ರೆ ದುಡ್ಡು ದಂಡ ಆಗಲ್ಲ. ಕರೆಂಟು ಬ್ಯಾಟ್ರಿ ಕೆಪಾಸಿಟಿಯ ಹತ್ತರಲ್ಲೊಂದು ಭಾಗ ಸಾಕು, 45ರದ್ದಕ್ಕೆ ನಾಲ್ಕೈದು ಆ್ಯಂಪು. ವೋಲ್ಟೇಜ್ 14.7 ದಾಟಬಾರದು, ದಾಟಿದ್ರೆ ಮೇಲೆ ಹೇಳಿದ ವಾಲ್ವ್ ತೆಗೆದು ನೀರು ಗ್ಯಾಸಾಗಿ ಹೋಗುತ್ತೆ. ಟ್ರ್ಯಾಕ್ಟರ್, ಲಾರಿ ಬ್ಯಾಟ್ರಿಗಳನ್ನ ಸಾಲಾಗಿ ಇಟ್ಟು ಚಾರ್ಜ್ ಮಾಡೋ ಅಂಗಡಿಗೆ ಇದನ್ನ ಒಯ್ಯಬೇಡಿ, ಅಲ್ಲಿ ಎರಡು ಗಂಟೇಲಿ ಫುಲ್ ಮಾಡಿಕೊಡ್ತಾರೆ, ಎರಡು ತಿಂಗಳಲ್ಲಿ ಹೊಸದು ತಗೋಬೇಕಾಗುತ್ತೆ.

ಪೂರ್ತಿ ಸತ್ತಿದ್ರೆ ರಿಮೋಟ್ ಒಳಗಿರೋ ಕಬ್ಬಿಣದ ಕೀ ತೆಗೆದು ಡ್ರೈವರ್ ಬಾಗಿಲು ತೆಗೀರಿ. ಬ್ಯಾಟ್ರಿ ಹಿಂದಿದ್ರೂ ಸಾಮಾನ್ಯವಾಗಿ ಬಾನೆಟ್ ಕೆಳಗೆ ಜಂಪ್ ಟರ್ಮಿನಲ್, ಅಂದ್ರೆ ಬೇರೆ ಬ್ಯಾಟ್ರಿಯಿಂದ ಕೇಬಲ್ ಹಾಕಿ ಕರೆಂಟ್ ಕೊಡೋ ಜಾಗ ಇರುತ್ತೆ, ಮ್ಯಾನುಯಲ್‌ನಲ್ಲಿ ಚಿತ್ರ ನೋಡಿ. ಆ ಬ್ಯಾಟ್ರಿ ಪ್ಲಸ್ಸಿಂದ ಈ ಪ್ಲಸ್ಸಿಗೆ, ಅದರ ಮೈನಸ್ ಕೇಬಲ್ ನಿಮ್ಮ ಗಾಡಿಲಿ ಬಣ್ಣ ಇಲ್ಲದ ಕಬ್ಬಿಣಕ್ಕೆ. ಉಲ್ಟಾ ಹಾಕಿದ್ರೆ ಫ್ಯೂಸು, ಕನ್ವರ್ಟರ್ ಸುಟ್ಟು ಬ್ಯಾಟ್ರಿಗಿಂತ ಎಷ್ಟೋ ಪಟ್ಟು ಖರ್ಚು ಬರುತ್ತೆ. ನಿಮ್ಮ ಹೈಬ್ರಿಡ್‌ನಿಂದ ಬೇರೆಯವರ ಡೀಸೆಲ್ ಗಾಡಿಗೆ ಜಂಪ್ ಕೊಡೋ ಉಪಕಾರನೂ ಬೇಡ, ಅವರ ಸೆಲ್ಫ್ ಮೋಟರ್ ಎಳೆಯೋ ಕರೆಂಟನ್ನ ಈ ಸಿಸ್ಟಮ್ ಕೊಡೋಕಾಗಲ್ಲ. ಎಳೆಸ್ಕೊಂಡು ಹೋಗೋ ಪರಿಸ್ಥಿತಿ ಬಂದ್ರೆ ಫ್ಲಾಟ್‌ಬೆಡ್ ಕರೆಸಿ, ಮುಂದಿನ ಚಕ್ರ ನೆಲದ ಮೇಲೆ ಉರುಳಿದ್ರೆ ಮೋಟರ್ ಕರೆಂಟ್ ಹುಟ್ಸುತ್ತೆ.

ದೊಡ್ಡ ಬ್ಯಾಟ್ರಿಗೆ ನಾವು ಮಾಡೋದು ಕಮ್ಮಿ. ಅದು ಗಾಡಿ ಒಳಗಿನ ಗಾಳಿ ಎಳ್ಕೊಂಡು ತಣ್ಣಗಾಗೋ ಮಾಡೆಲ್ ಆದ್ರೆ ಸೀಟ್ ಪಕ್ಕ ಜಾಲರಿ ಇರುತ್ತೆ, ಅದಕ್ಕೆ ಅಡ್ಡ ಮಂಡಕ್ಕಿ ಚೀಲ, ಬೆಡ್‌ಶೀಟ್ ಒತ್ತಬೇಡಿ. ಮೆಕ್ಕೆಜೋಳ ಒಕ್ಕೋ ಟೈಮಲ್ಲಿ ಹಳ್ಳಿ ರಸ್ತೆ ಓಡಾಡೋರು ಅದರ ಫಿಲ್ಟರ್ ಕ್ಲೀನ್ ಮಾಡ್ಸಿ. ರೈಲ್ವೆ ಗೇಟ್ ಹಾಕಿದಾಗ ನ್ಯೂಟ್ರಲ್ ಹಾಕಿ ಕೂರೋದು ಬೇಡ, ಟೊಯೊಟಾ ಹೈಬ್ರಿಡ್‌ನಲ್ಲಿ ನ್ಯೂಟ್ರಲ್ಲಿದ್ರೆ ಇಂಜಿನ್ ಓಡ್ತಿದ್ರೂ ದೊಡ್ಡ ಬ್ಯಾಟ್ರಿ ಚಾರ್ಜ್ ಆಗಲ್ಲ.

ಬದಲಾಯಿಸೋವಾಗ

ಹಳೇದರ ಮೇಲಿರೋ ನಂಬರ್ ಫೋಟೋ ಹೊಡ್ಕೊಂಡು ಅಂಗಡಿಗೆ ಹೋಗಿ. ಜಪಾನ್ ಸೈಜಲ್ಲಿ ಎಸ್46ಬಿ24ಆರ್ ಅಂತಿದ್ರೆ, ಎಸ್ ಅಂದ್ರೆ ಸೀಲ್ಡ್, 46 ಅದರ ಶಕ್ತಿ, ಬಿ ಅಗಲ ಎತ್ತರದ ಗುರುತು, 24 ಉದ್ದ ಸೆಂಟಿಮೀಟರಲ್ಲಿ, ಆರ್ ಅಂದ್ರೆ ಟರ್ಮಿನಲ್ ಯಾವ ಕಡೆ ಅಂತ. "ಇದೂ ಕೂರ್ತತಿ ಬಿಡ್ರಿ" ಅಂತ ಡಿಕ್ಕಿಗೆ ಮಾಮೂಲಿ ಆ್ಯಸಿಡ್ ಬ್ಯಾಟ್ರಿ ತುರುಕೋಕೆ ಬಂದ್ರೆ ಒಪ್ಪಬೇಡಿ, ಅದರ ಗ್ಯಾಸು ಸೀದಾ ನಿಮ್ಮ ಮೂಗಿಗೇ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ, ಗ್ಯಾಸ್ ಪೈಪ್ ಇದ್ರೆ ವಾಪಸ್ ಸಿಕ್ಕಿಸೋದು ಮರೀಬೇಡಿ. ಬ್ಯಾಟ್ರಿ ಬಿಚ್ಚಿದ ಮೇಲೆ ಡಿಕ್ಕಿ ಬಾಗಿಲು ಧಡ್ ಅಂತ ಹಾಕ್ಕೊಂಡ್ರೆ ಅದರ ಲಾಕ್ ತೆಗೆಯೋಕೂ ಕರೆಂಟ್ ಇರಲ್ಲ, ಮಕ್ಕಳನ್ನ ಆ ಕಡೆ ಬಿಡ್ಬೇಡಿ. ಹಳೇ ಬ್ಯಾಟ್ರಿನ ಗುಜರಿಯವರಿಗೆ ಕೊಡೋ ಬದಲು ಹೊಸದು ತಗೊಂಡ ಅಂಗಡಿಗೇ ಕೊಡಿ, ಬ್ಯಾಟ್ರಿ ತ್ಯಾಜ್ಯದ 2022ರ ರೂಲ್ಸ್ ಪ್ರಕಾರ ಹಳೇದನ್ನ ರೀಸೈಕಲ್ ಮಾಡ್ಸೋ ಜವಾಬ್ದಾರಿ ಬ್ಯಾಟ್ರಿ ತಯಾರಿಸೋರದ್ದೇ, ಎಕ್ಸ್‌ಚೇಂಜ್ ರೇಟ್ ಎಷ್ಟು ಅಂತ ಬಿಲ್ ಹಾಕೋಕೆ ಮುಂಚೆನೇ ಕೇಳ್ಕೊಳ್ಳಿ.