‘ಮಸ್ಟ್’ ಅನ್ನು ‘ಬಾರದು’ ಇಂದ ಶುರು ಮಾಡ್ರಿ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ, ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆ ಇಂಗ್ಲಿಷ್ ವ್ಯಾಕರಣ ಹೇಳುತ್ತೇನೆ. ‘ಮಸ್ಟ್ ಅಂದರೆ ಬೇಕು’ ಎಂದು ಬೋರ್ಡಿನ ಮೇಲೆ ಬರೆದರೆ ಗೊಂದಲ ಅಲ್ಲಿಂದಲೇ ಶುರು. ‘ಚಹಾ ಬೇಕು’ ಅಂದರೆ ವಾಂಟ್, ‘ದೊಡ್ಡವರ ಮಾತು ಕೇಳಬೇಕು’ ಅಂದರೆ ಶುಡ್, ‘ಫೀ ಕಟ್ಟಬೇಕು’ ಅಂದರೆ ಹ್ಯಾವ್ ಟು. ಎಲ್ಲಕ್ಕೂ ಒಂದೇ ‘ಬೇಕು’.

ಇಲ್ಲ ಅನ್ನುವಾಗ ಮಾತ್ರ ಕನ್ನಡ ಬಲು ಸ್ಪಷ್ಟ. ಅದಕ್ಕೇ ಪಾಠ ಅಲ್ಲಿಂದ ತೆಗೆಯುತ್ತೇನೆ. ‘ಕೊಡಬಾರದು’ ಅಂದರೆ ಮಸ್ಟ್ ನಾಟ್. ‘ಕೊಡಬೇಕಾಗಿಲ್ಲ’ ಅಂದರೆ ಡೋಂಟ್ ಹ್ಯಾವ್ ಟು, ಇಲ್ಲವೇ ನೀಡ್ ನಾಟ್. ಹುಡುಗರು ಬೇಕು‑ಮಸ್ಟ್, ಇಲ್ಲ‑ನಾಟ್ ಎಂದು ಕೂಡಿಸಿ, ‘ನೀವು ರೊಕ್ಕ ಕೊಡಬೇಕಾಗಿಲ್ಲ’ ಅನ್ನುವುದಕ್ಕೆ ‘ಯೂ ಮಸ್ಟ್ ನಾಟ್ ಪೇ’ ಬರೆಯುತ್ತಾರೆ. ಅದರ ಅರ್ಥ ‘ಕೊಟ್ಟೀರಿ ಜೋಕೆ’ ಎಂದಾಗುತ್ತದೆ. ಇಲ್ಲಿ ನಾಟ್ ಅಂಟುವುದು ಮಸ್ಟ್‌ಗಲ್ಲ, ಮುಂದಿನ ಕ್ರಿಯೆಗೆ: ಕೊಡದೇ ಇರಬೇಕು. ಇದನ್ನು ಬಿಡಿಸಿ ಹೇಳಿದರೆ ಅರ್ಧ ಕ್ಲಾಸಿಗೆ ಅಲ್ಲೇ ಬೆಳಕು ಹತ್ತುತ್ತದೆ.

ಎರಡನೆಯ ಕಷ್ಟ ಭೂತಕಾಲ. ಮಸ್ಟ್‌ಗೆ ಭೂತರೂಪವಿಲ್ಲ. (ತಮಾಷೆ ಅಂದರೆ, ಮಸ್ಟ್ ಹುಟ್ಟಿದ್ದೇ ಹಳೆಯ ಇಂಗ್ಲಿಷಿನ ಒಂದು ಭೂತರೂಪದಿಂದ.) ಮೂರು ರೂಪ ಬಾಯಿಪಾಠ ಮಾಡಿಸುತ್ತೇನೆ. ‘ಹೋಗಬೇಕಾತು’: ಹ್ಯಾಡ್ ಟು ಗೋ, ಹೋದದ್ದು ಖರೆ. ‘ಹೋಗಬೇಕಿತ್ತು’: ಹೆಚ್ಚಾಗಿ ಶುಡ್ ಹ್ಯಾವ್ ಗಾನ್, ಹೋಗಲಿಲ್ಲ. ‘ಹೋಗಿರಬೇಕು’: ಮಸ್ಟ್ ಹ್ಯಾವ್ ಗಾನ್, ಇದು ಕಡ್ಡಾಯವೇ ಅಲ್ಲ, ಊಹೆ. ಹತ್ತು ಕ್ರಿಯಾಪದ ಹಿಡಿದು ಮೂರೂ ರೂಪ ಹೇಳಿಸಿದರೆ ಸಾಕು. ಊಹೆಯನ್ನು ಅಲ್ಲಗಳೆಯುವಾಗ ಮಸ್ಟ್ ನಾಟ್ ಹಾಕಿಸಬೇಡ್ರಿ. ‘ಹೋಗಿರಲಿಕ್ಕೆ ಸಾಧ್ಯನ ಇಲ್ಲ’ ಅನ್ನುವುದಕ್ಕೆ ಕಾಂಟ್ ಹ್ಯಾವ್ ಗಾನ್.

ಮಸ್ಟ್, ಹ್ಯಾವ್ ಟು ನಡುವಿನ ಭೇದಕ್ಕೆ ಪೂರ್ತಿ ಪಿರಿಯಡ್ ಸುರಿಯುವುದು ನನಗೆ ದಂಡ ಅನಿಸುತ್ತದೆ. ‘ಹುಬ್ಬಳ್ಳಿ‑ಧಾರವಾಡದ ಚಿಗರಿ ಬಸ್ಸಿಗೆ ಸ್ಟೇಷನ್ನಿನ್ಯಾಗ ಟಿಕೆಟ್ ತಗೋಬೇಕು’ ಅನ್ನುವವ ಬೇರೆಯವರ ನಿಯಮ ತಿಳಿಸುತ್ತಾನೆ, ಅಲ್ಲಿ ಹ್ಯಾವ್ ಟು. ಅವ್ವ ‘ಉಂಡ ಹೋಗಬೇಕು ನೋಡು’ ಅಂದರೆ ಒತ್ತಾಯ ಅವಳದ್ದೇ, ಅಲ್ಲಿ ಮಸ್ಟ್. ಆದರೆ ಬೋರ್ಡು, ಫಾರಂಗಳ ಮೇಲೆ ನಿಯಮಕ್ಕೂ ಮಸ್ಟ್ ಇರುತ್ತದೆ, ಆದ್ದರಿಂದ ಇಲ್ಲಿ ಅಂಕ ಕತ್ತರಿಸುವುದಿಲ್ಲ.

ಕತ್ತರಿಸುವುದು ‘ಮಸ್ಟ್ ಟು ಗೋ’, ‘ಹೀ ಮಸ್ಟ್ ಗೋಸ್’, ‘ವಿಲ್ ಮಸ್ಟ್’ ಬರೆದಾಗ. ಮೊದಲನೆಯದು ಹ್ಯಾವ್ ಟು ಜೊತೆಗೇ ಕಲಿಸಿದ್ದರ ಫಲ, ಎರಡನ್ನೂ ಬೇರೆ ಬೇರೆ ದಿನ ಇಟ್ಟರೆ ಕಡಿಮೆಯಾಗುತ್ತದೆ. ಕಡೆಯದಕ್ಕೆ ವಿಲ್ ಹ್ಯಾವ್ ಟು ಒಂದೇ ದಾರಿ.

ಉಚ್ಚಾರ ಮಾತ್ರ ಮರೆಯಬೇಡ್ರಿ: ಹ್ಯಾವ್ ಟು ಮಾತಿನಲ್ಲಿ ‘ಹ್ಯಾಫ್‌ಟು’, ಮಸ್ಟ್ ನಾಟ್ ಕೂಡಿ ‘ಮಸಂಟ್’. ನಡುವಿನ ಟಕಾರ ಕೇಳಿಸದ್ದರಿಂದ ಡಿಕ್ಟೇಶನ್ನಿನಲ್ಲಿ ಅದನ್ನು ಬಿಟ್ಟೇ ಬರೆಯುತ್ತಾರೆ.