ತೊಗಟೆ ಚಿತ್ರಕ್ಕೆ ಫ್ರೇಮ್ ಕಟ್ಟಿದ ಕತೆ

"ಬೋರ್ಡಿಗೆ ಅಂಟಿಸಿ ಕೈ ತೊಳ್ಕೋ" ಎಂದು ಕೆನಡಾದ ಥಂಡರ್ ಬೇಯಲ್ಲಿ ನನಗೆ ಗೊತ್ತಿದ್ದ ಫ್ರೇಮಿನವರೆಲ್ಲ ಹೇಳಿದ್ದರು. ಮೂರು ಚಳಿಗಾಲ ಕಳೆದಿವೆ. ನಾನು ಕಟ್ಟಿದ್ದು ಇನ್ನೂ ಬಿರಿದಿಲ್ಲ.

ಚಿತ್ರ ಬರೆದದ್ದು ಇಲ್ಲಿನ ಮೂಲನಿವಾಸಿ ಒಜಿಬ್ವೆ ಜನಾಂಗದ ಒಬ್ಬ ಅಜ್ಜಿ. ಬರ್ಚ್ ತೊಗಟೆ ಮೇಲೆ ಗುಡುಗು ಹಕ್ಕಿ, ದಪ್ಪ ಕಪ್ಪು ಗೆರೆ, ಹೊಟ್ಟೆಯೊಳಗಿನದೂ ಕಾಣುವ ಹಾಗೆ ಬಣ್ಣ. 1962ರ ಟೊರಾಂಟೊ ಪ್ರದರ್ಶನದಿಂದ ಒಜಿಬ್ವೆ ಕಲಾವಿದ ನಾರ್ವಲ್ ಮಾರಿಸೋ ಹೆಸರಾಗಿಸಿದ ಶೈಲಿ. ಅವರೂ ಮೊದಮೊದಲು ತೊಗಟೆ ಮೇಲೆ ಬರೆದವರೇ. ಹರೆಯದಲ್ಲಿ ಕಾಯಿಲೆ ಜೋರಾದಾಗ 'ತಾಮ್ರದ ಗುಡುಗು ಹಕ್ಕಿ' ಎಂದು ಹೊಸ ಹೆಸರಿಟ್ಟರಂತೆ, ವಾಸಿಯಾಯಿತಂತೆ. ಚಿತ್ರಗಳಿಗೆ ಸಹಿಯೂ ಅದೇ ಹೆಸರಲ್ಲಿ. ಈ ಚಿತ್ರದ ಅಜ್ಜಿ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ ಇಡುತ್ತಿದ್ದ ವಸತಿ ಶಾಲೆಯಲ್ಲಿ ತಾಯಿನುಡಿ ಆಡಿ ಏಟು ತಿಂದವರು. ಆ ನೋವಿಗೆ ಅವರ ಮದ್ದು ಈ ಕುಂಚ.

ಸುಲಿದ ತೊಗಟೆ ಬಿಳಿ ಮೈ ಒಳಗಾಗಿ ಸುರುಳಿಯಾಗುತ್ತದೆ, ಗೊತ್ತಲ್ವಾ? ಖಾಲಿ ತುಂಡುಗಳ ಮೇಲೆ ಮೊದಲು ಭಾರ ಹೇರಿದೆ. ತೊಗಟೆಯ ಗೆರೆಗುಂಟ ಸೀಳಿತು. ಬಿಸಿ ಪ್ರೆಸ್‌ಗೆ ಕೊಟ್ಟೆ. ಪರೀಕ್ಷೆಗೆ ಹಚ್ಚಿದ ಅಕ್ರಿಲಿಕ್ ಬಣ್ಣ ಗುಳ್ಳೆ ಎದ್ದಿತು. ಇನ್ನೂರು ಡಾಲರ್ ಹತ್ತಿರ ನೀರುಪಾಲು. ತಾಳೆಗರಿಗೆ ನಮ್ಮಲ್ಲಿ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರಲ್ಲ, ಅದನ್ನೂ ಸುಮ್ನೆ ನೋಡಿದೆ. ಕಲೆ ಬಿತ್ತು. ಅಂಗಡಿ ಮಾತ್ರ ವಾರಗಟ್ಟಲೆ ಘಮ್ಮೆಂದಿತು.

ಕೊನೆಗೆ ಕೆಲಸ ಮಾಡಿದ್ದು ತಾಳ್ಮೆ. ಮುಚ್ಚಿದ ಡಬ್ಬಿ, ಕೆಳಗೆ ಒದ್ದೆ ಬ್ಲಾಟಿಂಗ್ ಕಾಗದ, ನಡುವೆ ನೀರು ತಡೆದು ಆವಿ ಬಿಡುವ ಬಟ್ಟೆಯಾದ ಗೋರ್‌ಟೆಕ್ಸ್, ಮೇಲೆ ತೊಗಟೆ. ಮೂರು ದಿನ. ಆಮೇಲೆ ಒಣ ಬ್ಲಾಟಿಂಗ್, ಹಗುರ ಭಾರ, ಹೆಚ್ಚುಕಡಿಮೆ ಎರಡು ವಾರ. ಪೂರ್ತಿ ಚಪ್ಪಟೆ ಮಾಡಲೇಬೇಡಿ. ಸ್ವಲ್ಪ ಬಾಗು ಇರಲಿ. ಹೀಟರ್ ಹಾಕಿದ ಮನೆಯ ಒಣಗಾಳಿಗೆ ಅದು ಅಲುಗಾಡಲೇಬೇಕು. ಹಿಡಿದಿಡಲು ಜಪಾನಿ ಕಾಗದದ ಪಟ್ಟಿ, ಅಂಟಿಗೆ ಗೋಧಿ ಗಂಜಿ. ಪಟ್ಟಿಯ ಮಡಿಕೆ ಹೇಗೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಹೊಟ್ಟೆಪಾಡು.

ಗೆದ್ದೆ ಅಂದುಕೊಂಡೆ. ಅಜ್ಜಿ ಗಾಜು ನೋಡಿ ಮುಖ ಸಿಂಡರಿಸಿದರು. ಚಿತ್ರ ಹೋಗುವುದು ನೊಂದವರು ಬಂದು ಕೂರುವ ಕೋಣೆಗೆ. ಅಲ್ಲಿ ಸೇಜ್, ಸೀಡರ್ ಎಲೆಗಳ ಹೊಗೆ ಹಾಕುತ್ತಾರೆ. ಹೊಗೆ ಚಿತ್ರಕ್ಕೂ ತಾಗಬೇಕು. ಹೊಗೆ ಎಂದರೆ ನಮಗೆ ಮಸಿ, ಅವರಿಗೆ ಅದೇ ಮುಖ್ಯ. ಎರಡು ದಿನ ತಲೆ ಕೆಡಿಸಿಕೊಂಡು ಗಾಜಿಗೆ ಕೀಲು ಹಾಕಿದೆ, ಕಿಟಕಿ ಬಾಗಿಲಿನ ಹಾಗೆ. ಹೊಗೆ ಹಾಕುವಾಗ ತೆರೆಯುತ್ತಾರೆ, ಆಮೇಲೆ ಮುಚ್ಚುತ್ತಾರೆ.

ಬಿಲ್ಲು ಮುನ್ನೂರೈವತ್ತು ಡಾಲರ್ ಆಸುಪಾಸು. ಕೊಟ್ಟಿದ್ದು ಇನ್ನೂರು, ಜೊತೆಗೆ ಒಂದು ಚೀಲ ಕಾಡಕ್ಕಿ (ವೈಲ್ಡ್ ರೈಸ್). ಚಿತ್ರಾನ್ನ ಮಾಡಿದೆ. ಜಾಸ್ತಿ ಹೊತ್ತು ಬೇಯಿಸಬೇಕು, ಅಷ್ಟೇ.