ಎಷ್ಟು ಮೆಗಾಪಿಕ್ಸೆಲ್ ಬೇಕು? ಮೊದಲು ಪ್ರಿಂಟಿನ ಅಳತೆ ಕೇಳಿ

ಶಿರಸಿಯ ಸೀರೆ ಅಂಗಡಿಯೊಂದಕ್ಕೆ ಕ್ಯಾಟಲಾಗ್ ಬೇಕು, ಮಾರಿಕಾಂಬಾ ಜಾತ್ರೆಗೆ ಫ್ಲೆಕ್ಸ್ ಬೇಕು, ಷೋರೂಮಿನ ಗೋಡೆಗೆ ಆಳೆತ್ತರದ ಫೋಟೊವೂ ಬೇಕು ಅಂದುಕೊಳ್ಳಿ. ಇಂಥ ಕೆಲಸ ಸಿಕ್ಕ ಕೂಡಲೇ ಹೊಸ ಕ್ಯಾಮೆರಾಕ್ಕೆ ಸಾಲ ಹುಡುಕುವವರೇ ಹೆಚ್ಚು. ತಡೆಯಿರಿ. ಪ್ರಿಂಟ್ ಎಷ್ಟು ಇಂಚು, ನೋಡುವವರು ಎಷ್ಟು ದೂರದಲ್ಲಿರುತ್ತಾರೆ ಎಂದು ಮೊದಲು ಅಂಗಡಿಯವರನ್ನೇ ಕೇಳಿ.

ಕೈಯಲ್ಲಿ ಹಿಡಿದು ನೋಡುವ ಕ್ಯಾಟಲಾಗಿಗೆ ಇಂಚಿಗೆ 300 ಪಿಕ್ಸೆಲ್ (ಚಿತ್ರದ ಚುಕ್ಕಿ) ಲೆಕ್ಕ. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. ಇಂಚಿನಲ್ಲಿರುವ ಉದ್ದ, ಅಗಲ ಎರಡನ್ನೂ 300ರಿಂದ ಗುಣಿಸಿ. ಎ4 ಪುಟಕ್ಕೆ 2480×3508, ಅಂದರೆ 9 ಮೆಗಾಪಿಕ್ಸೆಲ್ ಕೂಡ ಆಗುವುದಿಲ್ಲ. ಎರಡು ಪುಟ ಸೇರಿಸಿದರೂ ಸುಮಾರು 17. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಧಾರಾಳ. 10 ಅಡಿ ಅಗಲದ ಫ್ಲೆಕ್ಸಿಗೆ ಅದೇ ಫೈಲಿನಿಂದ ಇಂಚಿಗೆ 50 ಸಿಗುತ್ತದೆ. ರಸ್ತೆಯಾಚೆಯಿಂದ ನೋಡುವವರಿಗೆ ಅಷ್ಟು ಸಾಕೋ ಸಾಕು.

ತಕರಾರು ಇರುವುದು ಗೋಡೆಯ ಫೋಟೊದ್ದು. 6 ಅಡಿ ಎತ್ತರಕ್ಕೆ ಹಿಗ್ಗಿಸಿದರೆ ಇಂಚಿಗೆ 83 ಉಳಿಯುತ್ತದೆ. ನಾಲ್ಕೈದು ಅಡಿ ದೂರಕ್ಕೆ ಚೆನ್ನ, ಆದರೆ ಸೀರೆ ಕೊಳ್ಳಲು ಬಂದವರು ಜರಿ ನೋಡಲು ಮೂಗು ತಾಗುವಷ್ಟು ಹತ್ತಿರ ಬರುತ್ತಾರಲ್ಲ! ಇಲ್ಲಿ ಮಾತ್ರ 45 ಮೆಗಾಪಿಕ್ಸೆಲ್ಲಿಗೆ ಅರ್ಥವಿದೆ. ಆ ಒಂದು ದಿನಕ್ಕೆ ಬಾಡಿಗೆಗೆ ತಂದರಾಯಿತು.

ಕ್ಯಾಮೆರಾವನ್ನು ಅಡ್ಡ ಹಿಡಿದು ತೆಗೆದು, ಆಮೇಲೆ ಉದ್ದಕ್ಕೆ ಕತ್ತರಿಸಬೇಡಿ. 24 ಮೆಗಾಪಿಕ್ಸೆಲ್ಲಿನಲ್ಲಿ ಉಳಿಯುವುದು 10.7 ಮಾತ್ರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಶೂಟಿಂಗ್ ಇದ್ದರೆ ಗಾಳಿಗೆ ಸೆರಗು ಹಾರುತ್ತಲೇ ಇರುತ್ತದೆ. ಶಟರ್ ವೇಗ 1/500 ಸೆಕೆಂಡಿಗಿಂತ ಕೆಳಗಿಳಿಯದಿರಲಿ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/5.6ರಿಂದ ಎಫ್/8ರ ನಡುವೆ ಇರಲಿ. ಕಿಂಡಿ ತೀರ ಸಣ್ಣದಾಗುವ ಎಫ್/22ಕ್ಕೆ ಹೋದರೆ ಚಿತ್ರವೆಲ್ಲ ಮಸುಕಾಗುತ್ತದೆ. ಎಸಿ ಕೋಣೆಯಿಂದ ನೇರ ಹೊರತಂದ ಲೆನ್ಸಿನ ಮೇಲೆ ಕರಾವಳಿಯ ತೇವ ಮಂಜಾಗಿ ಕೂರುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ.

ಸಣ್ಣ ನೇಯ್ಗೆಯ ಬಟ್ಟೆಯ ಮೇಲೆ ಕೆಲವೊಮ್ಮೆ ಬಣ್ಣಬಣ್ಣದ ಅಲೆಗೆರೆ ಮೂಡುತ್ತದೆ. ಇದಕ್ಕೆ ಮೊಯ್ರೆ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ತೆಗೆಯುವುದು ತಲೆನೋವು. ಸ್ಥಳದಲ್ಲೇ ಪರದೆಯ ಮೇಲೆ ಪೂರ್ತಿ ಝೂಮ್ ಮಾಡಿ ನೋಡಿ, ಎರಡು ಹೆಜ್ಜೆ ಸರಿದು ಅಥವಾ ಕೋನ ಬದಲಿಸಿ ಮತ್ತೆ ತೆಗೆಯಿರಿ.

ಇಷ್ಟೆಲ್ಲ ಮಾಡಿ ಕೊನೆಗೆ ಪ್ರೆಸ್ಸಿಗೆ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಫೈಲ್ ಕುಗ್ಗಿಹೋಗುತ್ತದೆ. ಗುಣಮಟ್ಟ ಕುಗ್ಗದ ಟಿಫ್ ಮಾದರಿಯ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ. ಫೈಲಿನಲ್ಲಿ 72 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಎಂದು ಕಂಡರೆ ಗಾಬರಿ ಬೇಡ, ಪಿಕ್ಸೆಲ್ಲುಗಳ ಸಂಖ್ಯೆ ಸರಿಯಿದ್ದರೆ ಆಯಿತು. ದೊಡ್ಡ ಪ್ರಿಂಟಿಗೆ ಮುಂಚೆ ಮುಖ ಮತ್ತು ಸೀರೆಯಂಚು ಬರುವ ಒಂದು ಪಟ್ಟಿಯನ್ನು ಪೂರ್ಣ ಅಳತೆಯಲ್ಲಿ ಮುದ್ರಿಸಿ, ಅದೇ ಗೋಡೆಗೆ ಅಂಟಿಸಿ ಅಂಗಡಿಯವರಿಗೆ ತೋರಿಸಿ.